ತತ್ತಿಯನ್ನು ಎತ್ತುವ ಮುನ್ನ

ತಿಕೋಟಾದಿಂದ ನಿತ್ಯ ವಿಜಯಪುರಕ್ಕೆ ಬರುವ ನನ್ನ ವಿದ್ಯಾರ್ಥಿಯೊಬ್ಬನು ಹೊನ್ನಾವರದ ಪ್ರವಾಸದಿಂದ ಮರಳಿದವನೇ ಒಂದು ಪ್ರಶ್ನೆಯನ್ನು ತಂದನು. ಕಾಸರಕೋಡ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳ ತತ್ತಿಗಳಿಗೆ ಬೇಲಿ ಕಟ್ಟಿದ್ದನ್ನು ಅವನು ಕಂಡಿದ್ದನು. "ಸರ್, ಎಲ್ಲಾ ತತ್ತಿ ಒಂದ ಕಡೆ ತಂದಿಟ್ಟು ಕಾಯಬಾರ್ದೇನ್ರಿ?" ಪ್ರಶ್ನೆಯಲ್ಲಿ ದಯೆಯಿತ್ತು. ಆದರೂ ಕೂಡದೆಂದೇ ನನ್ನ ಅಭಿಪ್ರಾಯ. ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ; ಆದರೆ ಈ ತತ್ತಿಯ ಕಥೆಯಲ್ಲಿ ಅರ್ಧ ಪಾಲು ಭೌತಶಾಸ್ತ್ರದ್ದೇ ಆಗಿರುವುದರಿಂದ ಬಾಯಿ ಹಾಕುತ್ತಿದ್ದೇನೆ.

ಕೋಳಿಯಲ್ಲಿ ಎಡಗಡೆಯ ಅಂಡಾಶಯವೊಂದೇ ಬೆಳೆಯುವುದು. ಕಡಲಾಮೆಯಲ್ಲಿ ಅಂಡಾಶಯಗಳೂ ಅಂಡನಾಳಗಳೂ ಎರಡೆರಡು. ತತ್ತಿಯ ಹಳದಿಗೆ ಬೇಕಾದ ಸಾಮಗ್ರಿಯನ್ನು ಯಕೃತ್ತು ಸಿದ್ಧಮಾಡಿ ರಕ್ತದ ಮೂಲಕ ಕಳುಹಿಸುತ್ತದೆ. ಈ ತುಂಬುವಿಕೆಗೆ ಹಲವು ತಿಂಗಳು ಹಿಡಿಯುತ್ತವೆ. ಪಕ್ವವಾದ ಅಂಡವು ನಾಳದ ಆಲಿಕೆಯಂಥ ಬಾಯನ್ನು ಸೇರಿ, ಫಲಿತವಾಗಿ, ಕೆಳಗಿಳಿಯುತ್ತ ಮೊದಲು ಲೋಳೆಯನ್ನೂ, ಬಳಿಕ ಪೊರೆಯನ್ನೂ, ಕೊನೆಗೆ ಸುಣ್ಣದ ಕವಚವನ್ನೂ ತೊಡುತ್ತದೆ. ಕೋಳಿತತ್ತಿಯ ಕವಚವೂ ಇದೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟು. ಆದರೆ ಅಲ್ಲಿ ಹರಳು ಕ್ಯಾಲ್ಸೈಟ್, ಇಲ್ಲಿ ಆರಗೊನೈಟ್. ಕವಚವು ತೆಳುವಾಗಿ ಬಾಗುವಂಥದಾದ್ದರಿಂದ ನೂರರಷ್ಟು ತತ್ತಿಗಳು ಒಂದರ ಮೇಲೊಂದು ಕುಣಿಗೆ ಬಿದ್ದರೂ ಒಡೆಯವು.

ನನಗೆ ಅತ್ಯಂತ ಸೋಜಿಗವೆನಿಸುವುದು ಮುಂದಿನ ಮಾತು. ಭ್ರೂಣವು ತಾಯೊಡಲಲ್ಲೇ ಬೆಳೆಯಲಾರಂಭಿಸಿ, ಅಂಡನಾಳದಲ್ಲಿ ಆಮ್ಲಜನಕ ತೀರ ಕಡಿಮೆಯಿರುವ ಕಾರಣ ನಡುವೆಯೇ ನಿಂತುಬಿಡುತ್ತದೆ. ಹಿಂದೆ ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದನ್ನು ಬಬಲೇಶ್ವರದ ಹಿರಿಯರು ಬಲ್ಲರು. ಒಳಗೆ ಆಮ್ಲಜನಕ ಕುಂದಿದರೆ ಹುಳು ಬೆಳೆಯದು. ಅದೇ ಉಪಾಯ ಇಲ್ಲಿ ಭ್ರೂಣವನ್ನು ತಡೆದಿರಿಸುತ್ತದೆ. ತತ್ತಿ ಹೊರಬಿದ್ದು ಗಾಳಿ ತಾಕಿದ ಮೇಲೆ ತಡೆ ಸಡಿಲುವುದು. ಕೆಲವು ಗಂಟೆಗಳೊಳಗೆ ಬೆಳವಣಿಗೆ ಮರಳಿ ತೊಡಗಿ, ಭ್ರೂಣವು ಮೇಲ್ಗಡೆ ಕವಚದ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ತತ್ತಿಯನ್ನು ಹೊರಳಿಸಿದರೆ ಭ್ರೂಣ ಸಾಯಬಹುದು. ಮರುದಿನ ಬುಟ್ಟಿ ಹಿಡಿದು ಹೋಗುವ ದಯಾಳು ಇದನ್ನರಿಯನು.

ಇನ್ನು ಉಷ್ಣತೆ. 1966ರಲ್ಲಿ ಮ್ಯಾಡಲೀನ್ ಶಾರ್ನಿಯೆ ಅವರು ಓತಿಯ ಜಾತಿಯೊಂದರಲ್ಲಿ ಕಂಡ ಸಂಗತಿ ಕಡಲಾಮೆಗೂ ಸಲ್ಲುತ್ತದೆ: ಮರಿ ಗಂಡೋ ಹೆಣ್ಣೋ ಎಂಬುದನ್ನು ತತ್ತಿಗೆ ತಗಲುವ ಬಿಸಿಯೇ ನಿರ್ಣಯಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಎರಡೂ ಹುಟ್ಟುವುವು; ಏರಿದರೆ ಹೆಣ್ಣು, ಇಳಿದರೆ ಗಂಡು. ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಉತ್ತರ ಭಾಗದಲ್ಲಿ ಎಳೆಯ ಹಸಿರು ಆಮೆಗಳ ಪೈಕಿ ನೂರಕ್ಕೆ 99 ಹೆಣ್ಣೆಂದು 2018ರಲ್ಲಿ ಪ್ರಕಟವಾಯಿತು. ತತ್ತಿಗಳನ್ನೆಲ್ಲ ಒಂದೇ ಬಿಸಿಲಿನಲ್ಲೋ ಒಂದೇ ಚಪ್ಪರದ ನೆರಳಿನಲ್ಲೋ ಹೂಳಿದರೆ, ನಾವೇ ಅರಿಯದೆ ಅಂಥ ಪಕ್ಷಪಾತವನ್ನು ಮಾಡಿದಂತಾದೀತು.

ಅಲೆ ಕೊಚ್ಚಿಕೊಂಡು ಹೋಗುವ ಜಾಗದ ತತ್ತಿಗಳನ್ನು ಅಧಿಕಾರವುಳ್ಳ ಬಲ್ಲವರು ಅಂದೇ ರಾತ್ರಿ ಸಾಗಿಸಲಿ, ಉಷ್ಣಮಾಪಕವನ್ನೂ ಜೊತೆಗೊಯ್ಯಲಿ. ಉಳಿದವು ಇದ್ದಲ್ಲೇ ಇರಲಿ, ಬೇಲಿ ಸಾಕು.

ಹುಡುಗನಿಗೆ ಇಷ್ಟನ್ನು ಹೇಳಿ ಒಂದು ಕೆಲಸವನ್ನೂ ಒಪ್ಪಿಸಿದೆನು. ತಿಕೋಟಾದ ತಮ್ಮ ಹೊಲದಲ್ಲಿ ಮೊಳದಾಳದ ಕುಣಿ ತೋಡಿ, ಉಷ್ಣಮಾಪಕವನ್ನು ಹೂಳಿ, ಬೆಳಗಿನ ಜಾವಕ್ಕೊಮ್ಮೆ ನಡುಮಧ್ಯಾಹ್ನಕ್ಕೊಮ್ಮೆ ಅವನು ನೋಡಬೇಕು. ಮೇಲೆ ನೆಲ ಕಾದ ಹಂಚಾಗಿರುವಾಗಲೂ ಆ ಆಳದಲ್ಲಿ ಹಗಲಿರುಳಿನ ಅಂತರ ಅತ್ಯಲ್ಪ. ಆಮೆಯೂ ತನ್ನ ತತ್ತಿಗಳನ್ನು ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿ ಇಡುತ್ತದೆ.