ಅರಣಿಯ ಮರ

ಉಜ್ಜಿದರೆ ಬೆಂಕಿ ಹುಟ್ಟುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಎಷ್ಟು ಉಜ್ಜಿದರೂ ಕೆಲವು ಮರಗಳಿಂದ ಬೆಂಕಿ ಹುಟ್ಟದೆಂಬುದನ್ನು ಬಲ್ಲವರು ವಿರಳ. ಈ ವಿದ್ಯೆಯಲ್ಲಿ ತೋಳಿನ ಬಲಕ್ಕಿಂತ ಮರದ ತಿಳಿವಳಿಕೆಯೇ ಹಿರಿದು.

ನಮ್ಮ ಪೂರ್ವಿಕರು ಇದಕ್ಕೆ ಬಳಸಿದ ಸಾಧನ ಅರಣಿ. ಕೆಳಗಿನದು ಅಧರಾರಣಿ, ಮೇಲಿನದು ಉತ್ತರಾರಣಿ. ಉತ್ತರಾರಣಿಯಿಂದ ತೆಗೆದ ತುಂಡನ್ನು ಕಡೆಗೋಲಿನ ತುದಿಗೆ ಜೋಡಿಸಿ, ಅಧರಾರಣಿಯ ಗುಳಿಯಲ್ಲಿ ನಿಲ್ಲಿಸಿ, ಹಗ್ಗ ಸುತ್ತಿ, ಮೊಸರು ಕಡೆಯುವಂತೆ ಕಡೆಯುತ್ತಿದ್ದರು. ಶಮಿಯ ಮೇಲೆ ಹುಟ್ಟಿದ ಅಶ್ವತ್ಥ, ಎಂದರೆ ಬನ್ನಿಯ ಮೇಲೆ ಬೆಳೆದ ಅರಳಿ, ಇದಕ್ಕೆ ಶ್ರೇಷ್ಠವೆನಿಸಿತ್ತು. ಮಹಾಭಾರತದ ಅರಣ್ಯಪರ್ವದಲ್ಲಿ ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆಯೊಂದು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದಾಗ ಪಾಂಡವರು ಅದರ ಬೆನ್ನಟ್ಟಿದರು. ಕಾಡಿನಲ್ಲಿ ಕಟ್ಟಿಗೆಗೆ ಬರವೇ? ಅರಣಿ ಪವಿತ್ರವೆಂಬುದು ನಿಜ. ತಕ್ಕ ಮರ ಸುಲಭವಾಗಿ ದೊರೆಯದೆಂಬುದೂ ಅಷ್ಟೇ ನಿಜ.

ಅತಿ ಗಡುಸಾದ ಮರ ಉಜ್ಜಿದಂತೆಲ್ಲ ನುಣುಪಾಗಿ ಹೊಳೆಯುವುದೇ ಹೊರತು ಪುಡಿ ಉದುರಿಸದು. ಅತಿ ಮೆದುವಾದುದು ಕಾಯುವ ಮೊದಲೇ ಸವೆದುಹೋಗುವುದು. ರಾಳವುಳ್ಳ ಮರ ಜಾರುವುದು. ಉಗುರಿನಿಂದ ಒತ್ತಿದರೆ ಗುರುತು ಮೂಡುವ, ಹಗುರವಾದ, ಹುಳು ಹಿಡಿಯದ ಮರವೇ ಲೇಸು. ನೆಲಕ್ಕೆ ಬಿದ್ದ ಕೊಂಬೆ ತೇವವನ್ನು ಹೀರಿರುತ್ತದೆ. ಮರದಲ್ಲಿಯೇ ಒಣಗಿ ನಿಂತ ಕೊಂಬೆ ಉತ್ತಮ. ತೇವ ಉಳಿದಿದ್ದರೆ ಘರ್ಷಣೆಯ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಮರವನ್ನು ಆಯ್ದರಷ್ಟೇ ಸಾಲದು, ಅದನ್ನು ಹದಗೊಳಿಸಲೂ ಬೇಕು. ಕೋಲನ್ನು ಅಂಗೈಗಳ ನಡುವೆ ಹೊಸೆದು ಬೆಂಕಿ ಮಾಡುವ ಕಾಡಿನ ಜನರು ಹಲಗೆಯ ಗುಳಿಗೆ ಸೇರುವಂತೆ ಪಕ್ಕದಲ್ಲಿ ಒಂದು ಕಚ್ಚು ಕೊರೆಯುತ್ತಾರೆ. ಕಪ್ಪಾದ ಪುಡಿ ಅಲ್ಲಿ ಗುಡ್ಡೆಯಾಗಿ, ಶಾಖ ಚದುರದೆ ಕೆಂಡವಾಗುತ್ತದೆ. ಅದನ್ನು ಒಣ ನಾರಿನಲ್ಲಿಟ್ಟು ಮೆಲ್ಲನೆ ಊದಿದರೆ ಜ್ವಾಲೆ ಏಳುತ್ತದೆ.

1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಗೀರುವ ಬೆಂಕಿಕಡ್ಡಿಗಳನ್ನು ಮಾರಾಟಕ್ಕೆ ತಂದನು. ಇನ್ನು ಅರಣಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. 1975ರಲ್ಲಿ ಕೇರಳದ ಪಾಂಜಾಳ್ ಗ್ರಾಮದಲ್ಲಿ ನಡೆದ ಅಗ್ನಿಚಯನದಲ್ಲಿ ಅರಣಿಯಿಂದಲೇ ಬೆಂಕಿಯನ್ನು ಪಡೆದರೆಂಬುದು ಉಲ್ಲೇಖನೀಯ. ಆದರೆ ಮನೆಮನೆಯಲ್ಲಿಯೂ ಅರಣಿ ಕಡೆಯಬೇಕೆಂದು ಯಾರೂ ಹೇಳುವುದಿಲ್ಲ. ಬೆಂಕಿಕಡ್ಡಿ ಶ್ರಮವನ್ನು ಉಳಿಸಿತು, ಒಳ್ಳೆಯದೇ ಆಯಿತು. ಶ್ರಮದೊಡನೆ ಅರಿವೂ ಅಳಿದರೆ ಅದು ನಷ್ಟ. ಎಲೆಯ ಚಿತ್ರ ನೋಡಿ ಅರಳಿಯನ್ನು ಗುರುತಿಸುವ ವಿದ್ಯಾರ್ಥಿ ಅದರ ಮರ ಹಗುರವೋ ಭಾರವೋ ಎಂಬುದನ್ನು ಕೈಯಿಂದಲೂ ಅರಿಯಬೇಕು. ಮುಟ್ಟದೆ ಕಲಿತ ವಿದ್ಯೆ ಅರ್ಧ ವಿದ್ಯೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಸುಳ್ಳಲ್ಲ. ಆದರೆ ಹಸಿಯ ಮರವನ್ನು ದಿನವಿಡೀ ಉಜ್ಜಿದವನಿಗೆ ದೊರೆಯುವುದು ದಣಿವು ಮಾತ್ರ. ಮರವನ್ನರಿತು ದುಡಿದವನಿಗೆ ಕೆಂಡ ಒಲಿಯುತ್ತದೆ.