ಬಿಳಿಯ ಹಿನ್ನೆಲೆ

ನಮ್ಮ ಮನೆಯ ಹಜಾರದಲ್ಲಿ ಅಜ್ಜಿಯ ಭಾವಚಿತ್ರವೊಂದು ತೂಗುತ್ತಿದೆ. ಕಪ್ಪು-ಬಿಳುಪಿನ ಹಳೆಯ ಚಿತ್ರ. ಸ್ಟುಡಿಯೋದವನು ಅಜ್ಜಿಯ ಹಣೆಯ ಸುಕ್ಕುಗಳನ್ನು ಬಹುಮಟ್ಟಿಗೆ ಅಳಿಸಿಬಿಟ್ಟಿದ್ದಾನೆ. ಎಡಗೆನ್ನೆಯ ಮೇಲಿನ ಮಚ್ಚೆಯನ್ನು ಮಾತ್ರ ಮುಟ್ಟಿಲ್ಲ. "ಮಚ್ಚೆ ತೆಗೆದಿದ್ದರೆ ಇದು ಇನ್ಯಾರದೋ ಮುದುಕಿಯ ಪಟವಾಗುತ್ತಿತ್ತು" ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಕಳೆದ ವರ್ಷ, ಜೇನುತುಪ್ಪದ ಒಂದು ಶೀಸೆಯಿಂದ.

ನನ್ನ ಸೋದರತ್ತೆಯವರ ಮನೆ ಶೆಟ್ಟಿಕೊಪ್ಪದ ಬಳಿ. ಅಡಕೆ ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದಾರೆ. ಬಹುಕಾಲ ಅವರ ಜೇನುತುಪ್ಪ ಬಂಧುಬಳಗಕ್ಕೂ ಪರಿಚಿತರಿಗೂ ಸಾಲುತ್ತಿತ್ತು. ಜಾಹೀರಾತಿನ ಅಗತ್ಯವೇ ಇರಲಿಲ್ಲ. ಬೆರಳ ತುದಿಯಲ್ಲಿ ಒಂದು ಹನಿ ನೆಕ್ಕಿದರೆ ವ್ಯಾಪಾರ ಮುಗಿಯಿತು. ಪೆಟ್ಟಿಗೆಗಳು ಹೆಚ್ಚಿದಂತೆ ಅಂತರಜಾಲದ ಮಳಿಗೆಯಲ್ಲಿ ಮಾರುವ ಯೋಚನೆ ಬಂತು. ಅಲ್ಲಿ ಬೆರಳಿಗೆ ಕೆಲಸವಿಲ್ಲ, ಇರುವುದು ಕಣ್ಣೊಂದೇ. ಆದುದರಿಂದ ಚಿತ್ರ ಬೇಕು. ಅದೂ ಹೇಗೆಂದರೆ ಹಾಗಲ್ಲ. ಅಮೆಜಾನಿನಂಥ ಮಳಿಗೆಗಳಲ್ಲಿ ಮೊದಲ ಚಿತ್ರದ ಹಿನ್ನೆಲೆ ಅಚ್ಚ ಬಿಳಿಯದಾಗಿರಬೇಕು, ವಸ್ತುವು ಚೌಕಟ್ಟಿನ ನೂರಕ್ಕೆ 85 ಭಾಗವನ್ನಾದರೂ ತುಂಬಬೇಕು ಎಂಬ ನಿಯಮವೇ ಉಂಟು.

ಮನೆತನದಲ್ಲಿ ಓದಿದವನೆಂಬ ಹೆಸರು ನನ್ನದು. ಆ ಹೊಣೆ ನನಗೆ ಬಿತ್ತು. ಜಗಲಿಯ ಮೇಲೆ ಶೀಸೆಗಳನ್ನು ಸಾಲಾಗಿಟ್ಟು, ಫೋನಿನಿಂದ ಚಿತ್ರ ತೆಗೆದು, ದೂರದ ಸಂಸ್ಥೆಯೊಂದಕ್ಕೆ ತಿದ್ದಲು ಕಳುಹಿಸಿದೆ. ಜೊತೆಗೆ ಒಂದೇ ಸಾಲು ಬರೆದೆ: ಹಿನ್ನೆಲೆ ಬಿಳಿ ಮಾಡಿ, ಚಿತ್ರ ಆಕರ್ಷಕವಾಗಿರಲಿ.

ಚಿತ್ರಗಳು ಮರುದಿನವೇ ಬಂದವು. ಆಕರ್ಷಕವಾಗಿದ್ದವು ಎಂಬುದರಲ್ಲಿ ಸಂದೇಹವಿಲ್ಲ. ಕಾಫಿ ಕಷಾಯದಂತೆ ಗಾಢವಾಗಿದ್ದ ಜೇನು ಹೊಸ ಬಂಗಾರದಂತೆ ಹೊಳೆಯುತ್ತಿತ್ತು. ಶೀಸೆಯ ತಳದಲ್ಲಿ ಗಟ್ಟಿಯಾಗಿದ್ದ ಹರಳು ಮಾಯವಾಗಿತ್ತು. ಮುಚ್ಚಳದ ಬದಿಯಲ್ಲಿ ಒಂದು ದಪ್ಪ ಜೇನುನೊಣ ಬಂದು ಕುಳಿತಿತ್ತು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಹುಳುವಲ್ಲ" ಎಂದರು. ನಿಜವೇ. ಅದು ಹೊರದೇಶದ ಮೆಲ್ಲಿಫೆರಾ. ನಮ್ಮ ತುಡುವೆ ಅದಕ್ಕಿಂತ ಚಿಕ್ಕದು. ನಾನು ನಕ್ಕು, "ಹುಳುವನ್ನು ಯಾರು ನೋಡುತ್ತಾರೆ, ಅತ್ತೆ?" ಎಂದೆ.

ಒಂದು ತಿಂಗಳೊಳಗೆ ಮೂರು ಶೀಸೆಗಳು ಹಿಂದಕ್ಕೆ ಬಂದವು. "ಚಿತ್ರದಲ್ಲಿದ್ದ ಜೇನು ಇದಲ್ಲ, ತಳದಲ್ಲಿ ಸಕ್ಕರೆ ಇದೆ" ಎಂದು ಒಬ್ಬರು ಬರೆದಿದ್ದರು. ಅವರನ್ನು ಹೇಗೆ ದೂರುವುದು? 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಜೇನಿನ ಕಲಬೆರಕೆಯ ಸಂಗತಿಯನ್ನು ಬಯಲಿಗೆಳೆದಂದಿನಿಂದ ಕೊಳ್ಳುವವರ ಮನಸ್ಸಿನಲ್ಲಿ ಸಂಶಯ ಬೇರೂರಿದೆ. ಜೇನಿನಲ್ಲಿರುವ ಗ್ಲೂಕೋಸು ಚಳಿಯಲ್ಲಿ ಹರಳುಗಟ್ಟುವುದು ಸಹಜ ಧರ್ಮ. ಆದರೆ ಚಿತ್ರದಲ್ಲಿ ಇಲ್ಲದ ಹರಳು ಶೀಸೆಯಲ್ಲಿ ಕಂಡರೆ ನೋಡುವವನಿಗೆ ಅದು ಸಕ್ಕರೆಯೇ. ಇನ್ನು ಕಾನೂನಿನ ಮಾತು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಸರಕಿನಲ್ಲಿ ಇಲ್ಲದಿದ್ದರೆ ಮಾರುವವರು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಹಣ ಹಿಂದಿರುಗಿಸಿದೆವು. ಆದರೆ ಅತ್ತೆಯವರಿಗೆ ನೋವಾದದ್ದು ಹಣಕ್ಕಲ್ಲ. "ಇಷ್ಟು ವರ್ಷ ಜೇನು ಕೊಟ್ಟಿದ್ದೇನೆ, ಯಾರೂ ಸಕ್ಕರೆ ಎಂದಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ತಪ್ಪು ಯಾರದು? ತಿದ್ದಿದವನದು ಎಂದು ಮೊದಲು ನನಗೂ ಅನ್ನಿಸಿತು. ಆದರೆ ಚಿತ್ರ ತಿದ್ದುವುದು ಇಂದಿನ ಅನಾಚಾರವೇನಲ್ಲ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವನ್ನು ಬೆಳಕಿಗೆ ಹಿಡಿದ ಮೇಜಿನ ಮೇಲಿಟ್ಟು, ಚೂಪಾದ ಸೀಸದ ಕಡ್ಡಿಯಿಂದ ಸುಕ್ಕುಗಳನ್ನು ತುಂಬುತ್ತಿದ್ದರು. ನೆಗೆಟಿವಿನಲ್ಲಿ ಕಡ್ಡಿ ಆಡಿದಲ್ಲಿ ಪ್ರತಿಯಲ್ಲಿ ಬೆಳಕಾಗುತ್ತಿತ್ತು. ಬೆಳಕು ಹಾಯದ ಬಣ್ಣವನ್ನು ವಸ್ತುವಿನ ಸುತ್ತ ಬಳಿದರೆ ಹಿನ್ನೆಲೆ ಅಚ್ಚ ಬಿಳಿಯಾಗಿ ಮೂಡುತ್ತಿತ್ತು. ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಅದೇ ಕೆಲಸ ಗಣಕದ ಪರದೆಗೆ ಏರಿತು. ವಸ್ತುವಿನ ಅಂಚಿನುದ್ದಕ್ಕೂ ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು, ಹೊರಗಿನದನ್ನು ಕತ್ತರಿಸಿ ತೆಗೆಯುವುದು. ಬಾಂಗ್ಲಾದೇಶದ ಢಾಕಾ ನಗರದಲ್ಲಿ ಇಂಥ ಅನೇಕ ಸಂಸ್ಥೆಗಳಿವೆ. ಅಮೆರಿಕದ ವ್ಯಾಪಾರಿ ಸಂಜೆ ಕಳುಹಿಸಿದ ಚಿತ್ರಗಳು ಅವನು ಮಲಗಿ ಏಳುವಷ್ಟರಲ್ಲಿ ಅಲ್ಲಿ ಸಿದ್ಧವಾಗಬಲ್ಲವು. ಈಚೆಗೆ ಹಿನ್ನೆಲೆ ಕತ್ತರಿಸುವ ಕೆಲಸವನ್ನು ಯಂತ್ರವೇ ಕ್ಷಣದಲ್ಲಿ ಮಾಡುತ್ತದೆ. ಇಲ್ಲದ ನೊಣವನ್ನೂ ಸೃಷ್ಟಿಸಿ ಕೊಡುತ್ತದೆ.

ಹಾಗಾದರೆ ಅಂದಿಗೂ ಇಂದಿಗೂ ಇರುವ ಭೇದವೇನು? ಅಂದಿನ ಸ್ಟುಡಿಯೋದವನು ಅಜ್ಜಿಯನ್ನು ಕಣ್ಣಾರೆ ಕಂಡಿದ್ದ. ಅವಳು ಎದುರಿನ ಬೆಂಚಿನ ಮೇಲೆ ಕುಳಿತಿದ್ದಳು. ಯಾವುದು ಸುಕ್ಕು, ಯಾವುದು ಮಚ್ಚೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದೂರದಲ್ಲಿ ಕುಳಿತ ತಿದ್ದುಗಾರನು ಮಲೆನಾಡಿನ ಜೇನನ್ನು ಕಂಡವನಲ್ಲ. ಅವನಿಗೆ ಹರಳೂ ಒಂದೇ, ಕೊಳೆಯೂ ಒಂದೇ. ಮೇಲಾಗಿ ನಾನು ಚಿತ್ರ ತೆಗೆದದ್ದು ತೋಟದ ನೆರಳಿನಲ್ಲಿ. ಎಲೆಗಳ ಹಸಿರು ಛಾಯೆ ಶೀಸೆಯ ಮೇಲೆಲ್ಲ ಹರಡಿತ್ತು. ನಿಜವಾದ ಬಣ್ಣ ಯಾವುದೆಂದು ಅವನು ಊಹಿಸಬೇಕಾಯಿತು, ಊಹಿಸಿದ. ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ "ಸುಂದರವಾಗಿದೆ" ಎಂಬ ಮಾತು ಕಂಡಾಗಲೆಲ್ಲ "ಹೇಗೆ?" ಎಂದು ಕೆಂಪು ಶಾಯಿಯಲ್ಲಿ ಬರೆಯುವ ನಾನು, "ಆಕರ್ಷಕವಾಗಿರಲಿ" ಎಂಬ ಒಂದೇ ಮಾತು ಬರೆದು ಕೈತೊಳೆದುಕೊಂಡಿದ್ದೆ! ಕೆಲಸವನ್ನು ಹೊರಗೆ ಕೊಡಬಹುದು. ವಸ್ತುವಿನ ಪರಿಚಯವನ್ನು ನಾವೇ ಮಾಡಿಕೊಡಬೇಕು.

ಎರಡನೆಯ ಸಲ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಜೇನಿನ ಬಣ್ಣ ಗುಟ್ಟಿನದು: ತುಂಬಿದ ಶೀಸೆಯಲ್ಲಿ ಕಪ್ಪಾಗಿ ಕಾಣುವ ಅದೇ ಜೇನು ಚಮಚದಲ್ಲಿ ಬಂಗಾರವಾಗಿ ಕಾಣುತ್ತದೆ. ಎರಡೂ ಸತ್ಯವೇ. ಆದುದರಿಂದ ಎರಡರ ಚಿತ್ರವನ್ನೂ ತೆಗೆದೆವು. ತೋಟದ ನೆರಳನ್ನು ಬಿಟ್ಟು, ಬಿಳಿಯ ಗೋಡೆಯ ಕೋಣೆಯ ಕಿಟಕಿಯ ಬಳಿ, ಶೀಸೆಯ ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟೆವು. ತಿದ್ದುವವನು ಆ ಕಾಗದವನ್ನು ಬಿಳಿ ಮಾಡಿದರೆ ಉಳಿದ ಬಣ್ಣಗಳೂ ತಮ್ಮ ನೆಲೆಗೆ ಬರುತ್ತವೆ. ಆಮೇಲೆ ಪತ್ರ ಬರೆದೆ. ಹಿನ್ನೆಲೆಯನ್ನೂ ಧೂಳನ್ನೂ ಬೆರಳ ಗುರುತನ್ನೂ ತೆಗೆಯಿರಿ. ಜೇನಿನ ಬಣ್ಣ, ತಳದ ಹರಳು, ಶೀಸೆ ತುಂಬಿರುವ ಮಟ್ಟ, ಚೀಟಿಯ ಅಕ್ಷರ ಇವನ್ನು ಮುಟ್ಟಬೇಡಿ. ಯಾವುದನ್ನೂ ಸೇರಿಸಬೇಡಿ. ಮೊದಲು ಒಂದನ್ನು ತಿದ್ದಿ ತೋರಿಸಿ. ಒಪ್ಪಿಗೆಯಾದ ಬಳಿಕ ಉಳಿದವು. ಮೂಲ ಚಿತ್ರಗಳನ್ನು ನಮ್ಮಲ್ಲೂ ಭದ್ರವಾಗಿ ಇಟ್ಟುಕೊಂಡೆವು.

ಮಾದರಿಯ ಚಿತ್ರ ಬಂದಾಗ ಅತ್ತೆಯವರು ಶೀಸೆಯನ್ನು ಪರದೆಯ ಪಕ್ಕದಲ್ಲಿಟ್ಟು ಹೊತ್ತು ನೋಡಿದರು. "ಇದು ನಮ್ಮದು" ಎಂದರು. ಚಿತ್ರದ ಕೆಳಗೆ, ಚಳಿಗಾಲದಲ್ಲಿ ಈ ಜೇನು ಹರಳುಗಟ್ಟುತ್ತದೆ, ಶೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ ಎಂದು ಎರಡು ಸಾಲು ಸೇರಿಸಿದೆವು.

ಮಾರಾಟ ಹೆಚ್ಚಿತೆಂದು ಹೇಳಲಾರೆ. ಬಂಗಾರದ ಬಣ್ಣಕ್ಕೆ ಮರುಳಾಗುವವರು ಬೇರೆ ಶೀಸೆ ಹುಡುಕಿಕೊಂಡು ಹೋಗಿರಬಹುದು. ಆದರೆ ಅಲ್ಲಿಂದೀಚೆಗೆ ಹಿಂದಿರುಗಿ ಬಂದ ಶೀಸೆ ಒಂದೂ ಇಲ್ಲ. ಮೊನ್ನೆ ಅತ್ತೆಯವರು ನಮ್ಮ ಮನೆಗೆ ಬಂದಿದ್ದಾಗ ಅಜ್ಜಿಯ ಪಟದ ಗಾಜನ್ನು ಸೆರಗಿನಿಂದ ಒರೆಸಿದರು. ಕೆನ್ನೆಯ ಮಚ್ಚೆಯ ಬಳಿ ಒಂದು ಗಳಿಗೆ ಅವರ ಕೈ ನಿಂತಿತು. ಧೂಳಲ್ಲವಷ್ಟೆ ಎಂದು ನೋಡಿಕೊಂಡು, ಮುಂದಕ್ಕೆ ಒರೆಸಿದರು.