ವೇಗದ ಮಾತಲ್ಲ, ಬಾಗಿಲಿನ ಮಾತು

ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಬದಲಿಸಬೇಕೇ ಬೇಡವೇ ಎಂಬುದನ್ನು ಎರಡು ಸಂಖ್ಯೆಗಳ ನಡುವಿನ ಆಯ್ಕೆಯೆಂದು ನಾವು ಒಪ್ಪಿಕೊಂಡದ್ದೇ ಮೊದಲ ಸೋಲು. ಇಲ್ಲಿ 50, ಅಲ್ಲಿ 300. ಬೆಲೆಯಲ್ಲಿ ಅಲ್ಪ ಅಂತರ. ಇದರಲ್ಲಿ ಯೋಚಿಸುವುದೇನಿದೆ ಎಂದು ಮಾರುವವರು ಕೇಳುತ್ತಾರೆ. ಯೋಚಿಸುವುದು ಬಹಳವಿದೆ. ಮುಂಬಯಿ, ಪುಣೆಗಳ ವಸತಿ ಸಂಕೀರ್ಣಗಳಲ್ಲಿ ಬಾಳುವ ನಮ್ಮಲ್ಲಿ ಅನೇಕರಿಗೆ ಆ ಆಯ್ಕೆಯೇ ಇಲ್ಲ. ನಮ್ಮ ಮನೆಗೆ ಯಾರ ತಂತಿ ಬರಬೇಕೆಂಬುದನ್ನು ಹೌಸಿಂಗ್ ಸೊಸೈಟಿಯ ಸಮಿತಿ ಎಂದೋ ತೀರ್ಮಾನಿಸಿಯಾಗಿರುತ್ತದೆ. ನಮ್ಮ ಜಗಳವಿರಬೇಕಾದದ್ದು ಅಲ್ಲಿ.

ಮೊದಲು ವೇಗದ ಭ್ರಮೆಯನ್ನು ಬದಿಗಿಡೋಣ. ಜಾಹೀರಾತಿನ 100 ಎಂಬುದು ಮೆಗಾಬಿಟ್‌ಗಳ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಕಡತ ಇಳಿಯುವ ಗತಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಅದರ ಹಿಂದೆ 'ವರೆಗೆ' ಎಂಬ ಸಣ್ಣ ಪದವೊಂದು ಅವಿತಿರುತ್ತದೆ. ಗುಣಮಟ್ಟದ ವಿಡಿಯೊ ಮಾತುಕತೆಗೆ ನಾಲ್ಕೈದು ಮೆಗಾಬಿಟ್ ಸಾಕು. ಅತ್ಯಂತ ಸ್ಪಷ್ಟವಾದ ಚಲನಚಿತ್ರಕ್ಕೂ ಇಪ್ಪತ್ತೈದು ಸಾಕು. ಮೂರ್ನಾಲ್ಕು ಜನರ ಮನೆಗೆ 50 ಸಾಲದೆ ಬಂದರೆ ತಪ್ಪು ಹಲವೊಮ್ಮೆ ಮನೆಯೊಳಗೇ ಇರುತ್ತದೆ: ಮೂಲೆಯಲ್ಲಿಟ್ಟ ಹಳೆಯ ರೌಟರ್, ನಡುವೆ ಎರಡು ಕಾಂಕ್ರೀಟ್ ಗೋಡೆ, ನೆರೆಹೊರೆಯ ಹತ್ತಾರು ವೈಫೈಗಳ ಗದ್ದಲ. ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪನ್ನು ತಂತಿಯಿಂದಲೇ ರೌಟರಿಗೆ ಜೋಡಿಸಿ ವೇಗವನ್ನು ಅಳೆದು ನೋಡದೆ ಸೇವಾದಾರನನ್ನು ಬದಲಿಸುವುದು, ಕನ್ನಡಕ ಒರೆಸದೆ ಕಣ್ಣಿನ ವೈದ್ಯರನ್ನು ಬದಲಿಸಿದಂತೆ.

ಹಾಗೆಂದು ಫೈಬರ್ ಬೇಡವೆಂಬುದು ನಮ್ಮ ವಾದವಲ್ಲ. ಅದನ್ನು ಬಯಸಲು ನಿಜವಾದ ಕಾರಣಗಳಿವೆ. ಅವು ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದಿಲ್ಲ. ಹಲವು ಕಡೆ ಫೈಬರ್ ಎಂದು ಮಾರುವುದು ಕಟ್ಟಡದ ಬುಡದವರೆಗೆ ಮಾತ್ರ ಫೈಬರ್. ಅಲ್ಲಿಂದ ಮೇಲಕ್ಕೆ ತಾಮ್ರದ ತಂತಿ. ನಡುವಿನ ಪೆಟ್ಟಿಗೆಗೆ ವಿದ್ಯುತ್ತು ನಿಂತರೆ ಇಡೀ ಕಟ್ಟಡದ ಸಂಪರ್ಕ ನಿಲ್ಲುತ್ತದೆ. ಮನೆಯವರೆಗೂ ಬರುವ ಫೈಬರ್‌ನಲ್ಲಿ ಬೆಳಕನ್ನು ಹಂಚುವ ಸಾಧನಕ್ಕೆ ವಿದ್ಯುತ್ತೇ ಬೇಡ. ನಮ್ಮ ಮನೆಯ ಪೆಟ್ಟಿಗೆಗೆ ಸಣ್ಣ ಬ್ಯಾಟರಿಯಿದ್ದರೆ ಬಹುಮಟ್ಟಿಗೆ ಸಾಕು. ಅಪ್‌ಲೋಡ್ ಎಷ್ಟು, ಕೆಟ್ಟಾಗ ಎಷ್ಟು ಗಂಟೆಯಲ್ಲಿ ಸರಿಪಡಿಸುತ್ತಾರೆ, ವರ್ಷದ ಹಣ ಮುಂಗಡ ಕಟ್ಟಿ ನಡುವೆ ಬಿಟ್ಟರೆ ಉಳಿದದ್ದು ಮರಳುತ್ತದೆಯೇ: ಕೇಳಬೇಕಾದ ಪ್ರಶ್ನೆಗಳು ಇವು. ಮನೆಯಿಂದಲೇ ದುಡಿಯುವವರಿಗೆ, ದೂರದ ಮಕ್ಕಳ ಮುಖವನ್ನು ಪರದೆಯಲ್ಲೇ ಕಾಣುವ ಹಿರಿಯರಿಗೆ, 300ರ ವೇಗಕ್ಕಿಂತ ಕಡಿಯದ 50 ದೊಡ್ಡದು.

ಆದರೆ ಈ ಪ್ರಶ್ನೆಗಳಿಗೆ ಬೆಲೆ ಬರುವುದು ಉತ್ತರ ಹಿಡಿಸದಾಗ ಎದ್ದು ಹೋಗುವ ದಾರಿ ಇದ್ದರೆ ಮಾತ್ರ. ಮೊಬೈಲಿನಲ್ಲಿ ಅದಿದೆ. 2011ರ ಜನವರಿಯಿಂದ ದೇಶದಾದ್ಯಂತ ನಾವು ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಗಿದೆ. ಮನೆಯ ತಂತಿಗೆ ಅಂಥ ಹಕ್ಕು ಬಂದಿಲ್ಲ. ಇಲ್ಲಿ ಬದಲಾವಣೆಯೆಂದರೆ ಹೊಸ ತಂತಿ, ಗೋಡೆಗೆ ಹೊಸ ರಂಧ್ರ. ಅದಕ್ಕೆ ಸಮಿತಿಯ ಅನುಮತಿ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಬಂದಾಗಿನಿಂದ ಈ ನಗರಗಳಲ್ಲಿ ಕಟ್ಟಡಕ್ಕೊಬ್ಬ ಕೇಬಲ್‌ನವನೆಂಬ ರೂಢಿ ಬೇರೂರಿದೆ. ಬ್ರಾಡ್‌ಬ್ಯಾಂಡ್ ಅದೇ ಜಾಡಿನಲ್ಲಿ ನಡೆದಿದೆ. ಒಬ್ಬನೊಡನೆ ಒಪ್ಪಂದ ಮಾಡಿ, ಬದಲಿಗೆ ಕಚೇರಿಗೆ ಉಚಿತ ಸಂಪರ್ಕವನ್ನೋ ವರ್ಷಕ್ಕಿಷ್ಟು ಹಣವನ್ನೋ ಪಡೆದು, ಉಳಿದವರಿಗೆ ಗೇಟು ಮುಚ್ಚುವ ಸೊಸೈಟಿಗಳು ಮಾರುತ್ತಿರುವುದು ತಮ್ಮ ಗೋಡೆಯನ್ನಲ್ಲ, ಸದಸ್ಯರ ಹಕ್ಕನ್ನು.

ಸಮಿತಿಗಳ ಮಾತನ್ನೂ ಕೇಳೋಣ. ಐದು ಕಂಪನಿಗಳು ಬಂದರೆ ಐದು ಜಡೆ ತಂತಿ. ಎಲ್ಲೆಂದರಲ್ಲಿ ಕೊರೆದ ಗೋಡೆ ಮಳೆಗಾಲದಲ್ಲಿ ಸೋರುತ್ತದೆ. ಮುಂಬಯಿಯ ಮಳೆ ಬಲ್ಲವರು ಯಾರೂ ಈ ಆತಂಕವನ್ನು ತಳ್ಳಿಹಾಕಲಾರರು. ಆದರೆ ಇದಕ್ಕೆ ಪರಿಹಾರ ಎಲ್ಲರಿಗೂ ಒಂದೇ ಕೊಳವೆ ಮಾರ್ಗ, ಒಂದೇ ಶುಲ್ಕ, ಕೊರೆದವನೇ ಮುಚ್ಚಬೇಕೆಂಬ ಕರಾರು. ಒಬ್ಬನಿಗೇ ಪಟ್ಟ ಕಟ್ಟುವುದಲ್ಲ. ಇನ್ನೊಂದು ಮಾತು: ಈಗಿನವನು ನಮ್ಮ ಓಣಿಯವನೇ, ಕರೆದರೆ ರಾತ್ರಿ ಹನ್ನೊಂದಕ್ಕೂ ಏಣಿ ಹೊತ್ತು ಬರುತ್ತಾನೆ. ನಿಜ, ಅಂಥವರಿದ್ದಾರೆ, ದೊಡ್ಡ ಕಂಪನಿಯ ದೂರು ಸಂಖ್ಯೆಗಿಂತ ಅವರು ಎಷ್ಟೋ ಮೇಲು. ಅಂಥವನಿಗೆ ಬೀಗ ಹಾಕಿದ ಗೇಟಿನ ರಕ್ಷಣೆ ಬೇಕಿಲ್ಲ. ಹೋಗಬಲ್ಲ ಗಿರಾಕಿ ಉಳಿದರೆ ಅವನ ಕೆಲಸಕ್ಕೆ ಮನ್ನಣೆ. ಹೋಗಲಾರದ ಗಿರಾಕಿ ಉಳಿದರೆ ಅದು ಬರಿಯ ಸೆರೆ.

ಸರ್ಕಾರ ನೋಡಿಕೊಳ್ಳಲಿ ಎಂದು ಕೂರುವಂತೆಯೂ ಇಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಲು 2023 ಬರಬೇಕಾಯಿತು. ಕಟ್ಟಡಗಳ ಡಿಜಿಟಲ್ ಸಂಪರ್ಕವನ್ನು ಅಳೆದು ಶ್ರೇಣಿ ನೀಡುವ ನಿಯಮಾವಳಿಯನ್ನು ಟ್ರಾಯ್ 2024ರಲ್ಲಿ ಹೊರಡಿಸಿತು. ಒಳ್ಳೆಯ ಹೆಜ್ಜೆಯೇ, ಆದರೆ ಶ್ರೇಣಿ ಪಡೆಯುವುದು ಕಟ್ಟಡದವರ ಇಚ್ಛೆಗೆ ಬಿಟ್ಟದ್ದು. ನಮ್ಮ ಕೈಯಲ್ಲಿರುವ ಅಸ್ತ್ರ ಇನ್ನೂ ಹಳೆಯದು. ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸೊಸೈಟಿಯ ಅಂತಿಮ ಅಧಿಕಾರವಿರುವುದು ಸರ್ವಸದಸ್ಯರ ಸಭೆಗೆ, ಸಮಿತಿಗಲ್ಲ. ವರ್ಷಕ್ಕೊಮ್ಮೆ ಆ ಸಭೆ ಸೇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅಂದು ಬೇರೆ ಕೆಲಸ ಹುಡುಕಿಕೊಳ್ಳುತ್ತೇವೆ.

ಈ ಸಲ ಹೋಗೋಣ. ಸೇವಾದಾರನೊಡನೆ ಆಗಿರುವ ಒಪ್ಪಂದದ ಪ್ರತಿಯನ್ನು ಬರಹದಲ್ಲಿ ಕೇಳೋಣ. ಅದರಿಂದ ಬರುವ ಹಣ ಎಷ್ಟು, ಯಾವ ಲೆಕ್ಕಕ್ಕೆ ಸೇರಿದೆ ಎಂದು ಕೇಳೋಣ. ಏಕಸ್ವಾಮ್ಯದ ಷರತ್ತನ್ನು ಮುಂದಿನ ನವೀಕರಣದಲ್ಲಿ ಕೈಬಿಡಬೇಕೆಂಬ ಠರಾವು ಮಂಡಿಸೋಣ. ಠರಾವು ಅಂಗೀಕಾರವಾದ ಮೇಲೆ ಒಬ್ಬರು ಫೈಬರ್ ತಂದುಕೊಳ್ಳಲಿ, ಇನ್ನೊಬ್ಬರು ಓಣಿಯ ಹುಡುಗನ ತಾಮ್ರದ ತಂತಿಯಲ್ಲೇ ಇರಲಿ. ಬದಲಿಸುವುದು, ಬದಲಿಸದಿರುವುದು ಆಯಾ ಮನೆಯ ವಿವೇಕ. ಆ ವಿವೇಕವನ್ನು ಬಳಸಲು ಬಿಡದ ಷರತ್ತು ಮಾತ್ರ ನಮ್ಮೆಲ್ಲರ ಜಗಳ.